ಗೇಮ್ ರಿವ್ಯೂ ಮೇಲೆ ಜಾಹೀರಾತಿನ ನೆರಳು ಬೀಳೋದು ಹೇಗೆ?

2007ರ ನವೆಂಬರ್‌ನಲ್ಲಿ ವಿಡಿಯೋ ಗೇಮ್‌ಗಳ ರಿವ್ಯೂ ಕೊಡುವ ಅಮೆರಿಕದ ಗೇಮ್‌ಸ್ಪಾಟ್ ಜಾಲತಾಣಕ್ಕೆ ಹೋದವರಿಗೆ ಒಂದೇ ಆಟದ ಹೆಸರು ಕಣ್ಣಿಗೆ ರಾಚುತ್ತಿತ್ತು. 'ಕೇನ್ ಅಂಡ್ ಲಿಂಚ್: ಡೆಡ್ ಮೆನ್'. ಪುಟದ ಹಿನ್ನೆಲೆಯನ್ನೇ ಅದರ ಜಾಹೀರಾತು ಆವರಿಸಿತ್ತು. ಅದೇ ತಾಣದಲ್ಲಿ ಆ ಆಟದ ರಿವ್ಯೂ ಕೂಡ ಬಂತು. ಸಿಕ್ಕಿದ್ದು ಹತ್ತಕ್ಕೆ ಆರು. ಬರೆದವರು ಜೆಫ್ ಗರ್ಸ್ಟ್‌ಮನ್. ಹತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ಕೆಲಸ ಮಾಡಿ, ಸಂಪಾದಕೀಯ ವಿಭಾಗದ ಮುಖ್ಯಸ್ಥರಾಗಿದ್ದವರು. ಆ ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ತೆಗೆದರು.

ಆಟವನ್ನು ಮಾರುಕಟ್ಟೆಗೆ ತಂದಿದ್ದು ಐಡೋಸ್ ಕಂಪನಿ. ಜಾಹೀರಾತಿಗೆ ದುಡ್ಡು ಸುರಿದಿದ್ದೂ ಅದೇ. ಓದುಗರು ಎರಡಕ್ಕೆರಡು ಸೇರಿಸಿ ನೋಡಿದರು, ಗಲಾಟೆ ಎದ್ದಿತು. ಆಗ ಗೇಮ್‌ಸ್ಪಾಟ್ ಇದ್ದದ್ದು ಸಿನೆಟ್ ನೆಟ್‌ವರ್ಕ್ಸ್ ಕಂಪನಿಯ ಕೈಯಲ್ಲಿ. ಜಾಹೀರಾತುದಾರರ ಒತ್ತಡಕ್ಕೆ ಮಣಿದು ನಾವು ಯಾರನ್ನೂ ತೆಗೆಯುವುದಿಲ್ಲ ಎಂದು ಅದು ಹೇಳಿತು. ಗರ್ಸ್ಟ್‌ಮನ್ ಬಾಯಿ ಬಿಡುವ ಹಾಗಿರಲಿಲ್ಲ, ಕಾನೂನಿನ ಕಟ್ಟು ಇತ್ತು. ಆದರೆ ಜೊತೆಯಲ್ಲಿದ್ದ ಅಲೆಕ್ಸ್ ನವಾರೊ, ರಯಾನ್ ಡೇವಿಸ್, ಬ್ರಾಡ್ ಶೂಮೇಕರ್, ವಿನ್ನಿ ಕ್ಯಾರವೆಲ್ಲಾ ಒಬ್ಬೊಬ್ಬರಾಗಿ ಅಲ್ಲಿಂದ ಹೊರಬಂದರು. 2008ರಲ್ಲಿ ಗರ್ಸ್ಟ್‌ಮನ್ ಮತ್ತು ಡೇವಿಸ್ 'ಜೈಂಟ್ ಬಾಂಬ್' ಎಂಬ ಹೊಸ ತಾಣ ಶುರುಮಾಡಿದರು.

ನಿಜ ಹೊರಬರಲು 2012ರ ತನಕ ಕಾಯಬೇಕಾಯಿತು. ಆ ಹೊತ್ತಿಗೆ ಗೇಮ್‌ಸ್ಪಾಟ್‌ನ ಒಡೆತನ ಅಮೆರಿಕದ ಮಾಧ್ಯಮ ಕಂಪನಿ ಸಿಬಿಎಸ್‌ಗೆ ಹೋಗಿತ್ತು. ಅದೇ ಸಿಬಿಎಸ್ ಜೈಂಟ್ ಬಾಂಬ್ ಅನ್ನೂ ಕೊಂಡಿತು. ಹಳೆಯ ಕಟ್ಟು ಸಡಿಲವಾಯಿತು, ಗರ್ಸ್ಟ್‌ಮನ್ ಕ್ಯಾಮೆರಾ ಮುಂದೆ ಕೂತು ನಡೆದದ್ದನ್ನು ಹೇಳಿದರು. ಕಡಿಮೆ ಅಂಕ ಬಂದಾಗ ಕಂಪನಿಗಳು ಜಾಹೀರಾತು ಹಿಂದೆ ತೆಗೆದುಕೊಳ್ಳುತ್ತೇವೆ ಎಂದು ಬೆದರಿಸುವುದು ಹೊಸದೇನಲ್ಲ. ಹಿಂದಿನ ಮ್ಯಾನೇಜರ್‌ಗಳು ಅದನ್ನು ತಡೆದು ನಿಲ್ಲಿಸುತ್ತಿದ್ದರು. ಹೊಸದಾಗಿ ಬಂದ ಮ್ಯಾನೇಜರ್‌ಗಳಿಗೆ ಈ ಉದ್ಯಮದ ಅನುಭವ ಇರಲಿಲ್ಲ, ಅವರು ಹೆದರಿದರು. ಗರ್ಸ್ಟ್‌ಮನ್ ಮಾತಿನ ಸಾರ ಇಷ್ಟು. 'ಕೇನ್ ಅಂಡ್ ಲಿಂಚ್' ಒಂದೇ ಅಲ್ಲ, ಅದೇ ಸಮಯದ 'ರಾಚೆಟ್ ಅಂಡ್ ಕ್ಲಾಂಕ್' ಆಟಕ್ಕೆ ಕೊಟ್ಟ 7.5 ಅಂಕವೂ ತಕರಾರಿಗೆ ಕಾರಣವಾಗಿತ್ತಂತೆ. ಏಳೂವರೆ ಅಂಕಕ್ಕೆ!

ಈ ಪ್ರಕರಣವನ್ನು ಸಾಮಾನ್ಯವಾಗಿ 'ರಿವ್ಯೂಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ' ಎನ್ನುವುದಕ್ಕೆ ಸಾಕ್ಷಿಯಾಗಿ ಕೊಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸರಿಯಾಗಿ ನೋಡಿ. ಇಲ್ಲಿ ಯಾರೂ ಅಂಕ ಕೊಳ್ಳಲಿಲ್ಲ. ದುಡ್ಡು ಕೊಟ್ಟ ಮೇಲೂ ಆಟಕ್ಕೆ ಸಿಕ್ಕಿದ್ದು ಆರೇ. ಬೇರೆ ವಿಮರ್ಶಕರೂ ಹೆಚ್ಚು ಕೊಡಲಿಲ್ಲ. ಎಲ್ಲರ ಅಂಕ ಸೇರಿಸಿ ಸರಾಸರಿ ತೋರಿಸುವ ಮೆಟಾಕ್ರಿಟಿಕ್‌ನಲ್ಲಿ ಅದು ನೂರಕ್ಕೆ 65ರ ಆಸುಪಾಸಿನಲ್ಲೇ ನಿಂತಿತು. ಅಂದರೆ ರಿವ್ಯೂ ಸರಿಯಾಗಿಯೇ ಇತ್ತು. ಕೆಟ್ಟದ್ದು ಆಮೇಲೆ ನಡೆದದ್ದು. ಅದರ ಪೆಟ್ಟು ಬಿದ್ದದ್ದು ಮುಂದೆ ಬರೆಯಬೇಕಾದವರ ಮೇಲೆ. ಮುಂದಿನ ವಾರ ಇನ್ನೊಂದು ಆಟಕ್ಕೆ ಆರು ಕೊಡಲೋ ಏಳು ಕೊಡಲೋ ಎಂದು ಯೋಚಿಸುವ ಹುಡುಗನಿಗೆ ಮನೆ ಬಾಡಿಗೆ ನೆನಪಾಗುತ್ತದೆ. ಯಾರೂ ಫೋನ್ ಮಾಡಿ ಏನೂ ಹೇಳಬೇಕಾಗಿಲ್ಲ. ಜಾಹೀರಾತಿನ ಪ್ರಭಾವ ಬಹುಪಾಲು ಕೆಲಸ ಮಾಡೋದು ಹೀಗೆ, ಲಂಚದ ಕವರ್‌ನಿಂದ ಅಲ್ಲ.

ಗೇಮ್ ಪತ್ರಿಕೋದ್ಯಮ ಇದಕ್ಕೆ ಯಾಕೆ ಇಷ್ಟು ಬೇಗ ಸಿಕ್ಕಿಬೀಳುತ್ತದೆ? ಒಂದು ದಿನಪತ್ರಿಕೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಸಿಮೆಂಟ್, ಸೀರೆ, ಕಾರು, ಬ್ಯಾಂಕು, ಕಾಲೇಜು, ಹೀಗೆ ನೂರು ಕಡೆಯ ಜಾಹೀರಾತು ಇರುತ್ತದೆ. ಒಬ್ಬ ಸಿನಿಮಾ ನಿರ್ಮಾಪಕ ಸಿಟ್ಟಾಗಿ ಜಾಹೀರಾತು ನಿಲ್ಲಿಸಿದರೆ ಪತ್ರಿಕೆ ಮುಳುಗುವುದಿಲ್ಲ. ಗೇಮ್ ತಾಣದ ಕಥೆ ಬೇರೆ. ಅಲ್ಲಿಗೆ ಬರುವ ಓದುಗರೆಲ್ಲ ಆಟ ಕೊಳ್ಳುವವರು. ಹಾಗಾಗಿ ಅಲ್ಲಿ ಜಾಹೀರಾತು ಹಾಕಲು ಮುಂದೆ ಬರುವವರೂ ಮುಖ್ಯವಾಗಿ ಆಟ ಮಾರುವವರೇ. ಯಾರ ಸರಕನ್ನು ತೂಗಿ ನೋಡಬೇಕೋ ಅವರಿಂದಲೇ ಸಂಬಳ ಬರಬೇಕು. ದೊಡ್ಡ ಪಬ್ಲಿಷರ್‌ಗಳು, ಅಂದರೆ ಆಟಕ್ಕೆ ಬಂಡವಾಳ ಹಾಕಿ ಮಾರುವ ಕಂಪನಿಗಳು, ಕೈಬೆರಳಲ್ಲಿ ಎಣಿಸುವಷ್ಟು. ಅದರಲ್ಲಿ ಒಂದು ಮುನಿಸಿಕೊಂಡರೂ ಆ ವರ್ಷದ ಲೆಕ್ಕ ಏರುಪೇರಾಗುತ್ತದೆ.

ಇದು ಇಂಟರ್‌ನೆಟ್ ತಂದ ರೋಗವೂ ಅಲ್ಲ. 1988ರಲ್ಲಿ ಶುರುವಾದ 'ನಿಂಟೆಂಡೊ ಪವರ್' ಪತ್ರಿಕೆಯನ್ನು ಹೊರಡಿಸುತ್ತಿದ್ದದ್ದು ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ಅಮೆರಿಕ ಶಾಖೆಯೇ. ಅಮೆರಿಕದ ಮಕ್ಕಳು ಅದನ್ನು ಪ್ರೀತಿಯಿಂದ ಓದಿ ಬೆಳೆದರು. ಆದರೆ ಆಟ ಮಾರುವವರೇ ಆಟಗಳ ಬಗ್ಗೆ ಬರೆಯುತ್ತಿದ್ದರು.

ಇದಕ್ಕೆ ಎದುರಾಗಿ ಇನ್ನೊಂದು ದಾರಿಯೂ ಹಿಂದಿನಿಂದ ಇದೆ. 1936ರಲ್ಲಿ ಶುರುವಾದ ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ ಜಾಹೀರಾತು ತೆಗೆದುಕೊಳ್ಳುವುದಿಲ್ಲ. ಫ್ರಿಜ್ ಆಗಲಿ ಕಾರಾಗಲಿ, ಪರೀಕ್ಷೆಗೆ ಬೇಕಾದ್ದನ್ನು ಅಂಗಡಿಯಿಂದ ತಾನೇ ದುಡ್ಡು ಕೊಟ್ಟು ತರುತ್ತದೆ. ಗೇಮ್‌ಗೆ ಇದು ಯಾಕೆ ಒಗ್ಗಲಿಲ್ಲ? ಕಾರಣ ದುಡ್ಡಿಗಿಂತ ಹೆಚ್ಚಾಗಿ ಸಮಯ. ಫ್ರಿಜ್ ಬಗ್ಗೆ ಮೂರು ತಿಂಗಳು ತಡವಾಗಿ ಬರೆದರೂ ಓದುತ್ತಾರೆ. ದೊಡ್ಡ ಆಟಗಳ ಮಾರಾಟ ಮಾತ್ರ ಮೊದಲ ಕೆಲವು ವಾರಗಳಲ್ಲೇ ಗುಂಪಾಗಿ ಆಗಿಹೋಗುತ್ತದೆ. ಓದುಗರು ರಿವ್ಯೂ ಹುಡುಕುವುದೂ ಆಗಲೇ. ಬಿಡುಗಡೆಯ ದಿನ ಅಂಗಡಿಯಿಂದ ತಂದು, ನಲವತ್ತು ಐವತ್ತು ಗಂಟೆ ಆಡಿ ಬರೆಯುವ ಹೊತ್ತಿಗೆ ಜನ ಮುಂದಿನ ಆಟಕ್ಕೆ ಹೋಗಿರುತ್ತಾರೆ. ಹಾಗಾಗಿ ವಿಮರ್ಶಕನಿಗೆ ಆಟ ಮೊದಲೇ ಬೇಕು. ಅದನ್ನು ಕೊಡಬಲ್ಲವರು ಒಬ್ಬರೇ, ಮಾರುವ ಕಂಪನಿ.

ಇಲ್ಲಿಂದ ಎರಡನೇ ಹಿಡಿತ ಶುರು. ನನಗೆ ಕೇಳಿದರೆ ಜಾಹೀರಾತಿಗಿಂತ ಇದೇ ಗಟ್ಟಿ ಹಿಡಿತ. ಕಂಪನಿ ಮುಂಗಡ ಪ್ರತಿ ಕೊಡುತ್ತದೆ. ಜೊತೆಗೆ ಒಂದು ಷರತ್ತು, ಇಂಥ ದಿನ ಇಂಥ ಗಂಟೆಗಿಂತ ಮೊದಲು ಏನೂ ಪ್ರಕಟಿಸಬಾರದು. ಇದಕ್ಕೆ ಎಂಬಾರ್ಗೊ ಎನ್ನುತ್ತಾರೆ. ಇದರಲ್ಲಿ ಒಳ್ಳೆಯದೂ ಇದೆ. ಎಲ್ಲರಿಗೂ ಒಂದೇ ಗಡುವು ಇದ್ದರೆ ಯಾರೂ ಅರ್ಧ ಆಡಿ ಓಡಿಹೋಗಿ ಬರೆಯುವುದಿಲ್ಲ. ಆದರೆ ಗಡುವು ಇಡುವವನಿಗೆ ಗಡಿಯಾರದ ಮುಳ್ಳು ತಿರುಗಿಸುವ ಅಧಿಕಾರವೂ ಬಂದುಬಿಡುತ್ತದೆ. 2014ರ ನವೆಂಬರ್‌ನಲ್ಲಿ ಯೂಬಿಸಾಫ್ಟ್ 'ಅಸಾಸಿನ್ಸ್ ಕ್ರೀಡ್ ಯೂನಿಟಿ' ಬಿಡುಗಡೆ ಮಾಡಿದಾಗ, ಅಮೆರಿಕದಲ್ಲಿ ಆಟ ಮಾರಾಟಕ್ಕೆ ಬಂದು ಸುಮಾರು ಹನ್ನೆರಡು ಗಂಟೆ ಕಳೆದ ಮೇಲೆ ರಿವ್ಯೂಗಳಿಗೆ ಅನುಮತಿ ಇತ್ತು. ಆಟದಲ್ಲಿ ದೋಷಗಳು ತುಂಬಿದ್ದವು. ಅದು ಗೊತ್ತಾಗುವ ಮೊದಲೇ ಅಭಿಮಾನಿಗಳು ಕೊಂಡಾಗಿತ್ತು.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯ 'ಸೈಬರ್‌ಪಂಕ್ 2077' ಇನ್ನೂ ದೊಡ್ಡ ಪಾಠ. 2020ರ ಡಿಸೆಂಬರ್ 10ಕ್ಕೆ ಬಿಡುಗಡೆ. ಅದಕ್ಕೂ ಕೆಲವು ದಿನ ಮೊದಲು ರಿವ್ಯೂಗಳು ಬಂದವು, ಹೊಗಳಿಕೆ ತುಂಬಿತ್ತು. ಆದರೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎಂಬ ಕನ್ಸೋಲ್‌ಗಳಲ್ಲಿ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಗಳಲ್ಲಿ, ಆಟ ಹೇಗೆ ಓಡುತ್ತದೆ ಎಂದು ಅವರು ನೋಡಿರಲೇ ಇಲ್ಲ. ತಾವು ಆಡಿದ್ದನ್ನು ರೆಕಾರ್ಡ್ ಮಾಡಿ ಮೊದಲೇ ತೋರಿಸುವಂತೆಯೂ ಇರಲಿಲ್ಲ, ಕಂಪನಿ ಕೊಟ್ಟ ದೃಶ್ಯಗಳನ್ನೇ ಬಳಸಬೇಕಿತ್ತು. ಬಿಡುಗಡೆಯಾದ ಮೇಲೆ ಹಳೆಯ ಕನ್ಸೋಲ್ ಇದ್ದವರು ನೋಡಿದ್ದು ನಡುವೆ ನಿಂತುಹೋಗುವ, ಕುಸಿದು ಬೀಳುವ ಆಟ. ಡಿಸೆಂಬರ್ 18ಕ್ಕೆ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ಕಂಪನಿ ಕ್ಷಮೆ ಕೇಳಿತು. ಇಲ್ಲಿ ವಿಮರ್ಶಕರು ಸುಳ್ಳು ಬರೆದಿರಲಿಲ್ಲ. ತಮಗೆ ಕಂಡದ್ದನ್ನೇ ಬರೆದಿದ್ದರು. ಏನು ಕಾಣಬೇಕು ಎಂಬುದನ್ನು ಬೇರೆಯವರು ತೀರ್ಮಾನಿಸಿದ್ದರು.

ಹೇಳಿದ ಹಾಗೆ ಕೇಳದಿದ್ದರೆ ಏನಾಗುತ್ತದೆ? 2015ರಲ್ಲಿ ಕೊಟಾಕು ತಾಣದ ಸಂಪಾದಕ ಸ್ಟೀಫನ್ ಟೊಟಿಲೊ ಇದನ್ನು ಬಹಿರಂಗವಾಗಿ ಬರೆದರು. ಬೆತೆಸ್ಡಾ ಮತ್ತು ಯೂಬಿಸಾಫ್ಟ್ ಕಂಪನಿಗಳು ಮುಚ್ಚಿಟ್ಟಿದ್ದ ಆಟಗಳ ಸುದ್ದಿಯನ್ನು ಕೊಟಾಕು ಪ್ರಕಟಿಸಿತ್ತು. ಅದಾದ ಮೇಲೆ ಆ ಎರಡೂ ಕಂಪನಿಗಳಿಂದ ಮುಂಗಡ ಪ್ರತಿ ನಿಂತಿತು, ಸಂದರ್ಶನ ನಿಂತಿತು, ಇಮೇಲ್‌ಗೆ ಉತ್ತರವೂ ನಿಂತಿತು. ಸಾಮಾನ್ಯವಾಗಿ ಕಂಪನಿಗಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. 2011ರಲ್ಲಿ ಒಮ್ಮೆ ಬಾಯಿ ಜಾರಿತು. 'ಡ್ಯೂಕ್ ನ್ಯೂಕಮ್ ಫಾರೆವರ್' ಆಟಕ್ಕೆ ಕಟುವಾದ ವಿಮರ್ಶೆಗಳು ಬಂದಾಗ, ಅದರ ಪ್ರಚಾರ ನೋಡಿಕೊಳ್ಳುತ್ತಿದ್ದ ಸಂಸ್ಥೆಯ ಮುಖ್ಯಸ್ಥರು ಮುಂದಿನ ಸಲ ಯಾರಿಗೆ ಆಟ ಕಳಿಸಬೇಕು, ಯಾರಿಗೆ ಬೇಡ ಎಂದು ನೋಡುತ್ತೇವೆ ಎಂಬರ್ಥದಲ್ಲಿ ಟ್ವೀಟ್ ಮಾಡಿದರು. ಪಬ್ಲಿಷರ್ ಆದ 2ಕೆ ಗೇಮ್ಸ್ ತಕ್ಷಣ ಆ ಸಂಸ್ಥೆಯ ಜೊತೆ ಸಂಬಂಧ ಕಡಿದುಕೊಂಡಿತು.

ಒಂದು ಅಂಕಕ್ಕೆ ಕಂಪನಿಗಳು ಯಾಕಪ್ಪ ಇಷ್ಟು ತಲೆ ಕೆಡಿಸಿಕೊಳ್ಳುತ್ತವೆ ಎಂದು ಕೇಳಬಹುದು. ಕೆಲವು ಕಡೆ ಅಂಕಕ್ಕೂ ದುಡ್ಡಿಗೂ ನೇರ ಕೊಂಡಿ ಇದೆ. 'ಫಾಲ್ಔಟ್: ನ್ಯೂ ವೇಗಸ್' ಆಟ ಕಟ್ಟಿದ ಅಬ್ಸಿಡಿಯನ್ ಸ್ಟುಡಿಯೋಗೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಬೋನಸ್ ಎಂಬ ಕರಾರಿತ್ತು. ಬಂದದ್ದು 84. ಬೋನಸ್ ಇಲ್ಲ. 2012ರಲ್ಲಿ ಆ ಸ್ಟುಡಿಯೋದ ಕ್ರಿಸ್ ಅವಲೋನ್ ಇದನ್ನು ಹೇಳಿದಾಗ ಅನೇಕ ವಿಮರ್ಶಕರಿಗೆ ಕಸಿವಿಸಿಯಾಯಿತು. ತಾನು ಕೊಟ್ಟ ಒಂದು ಅಂಕ ಪಬ್ಲಿಷರ್‌ಗೆ ಮಾತ್ರ ತಟ್ಟುವುದಿಲ್ಲ, ವರ್ಷಗಟ್ಟಲೆ ದುಡಿದ ಪ್ರೋಗ್ರಾಮರ್, ಕಲಾವಿದರಿಗೂ ತಟ್ಟಬಹುದು ಎಂದು ಗೊತ್ತಾದಾಗ ಕೈ ನಡುಗದೇ ಇರುತ್ತದಾ? ಆದರೆ ಆ ಕರುಣೆಗಾಗಿ ಅಂಕ ಏರಿಸಿದರೆ, ಆ ಮೊತ್ತ ಕೊನೆಗೆ ಹೋಗುವುದು ಆಟ ಕೊಳ್ಳುವವನ ಜೇಬಿನಿಂದಲೇ. ಇಂಥ ಕರಾರು ಬರೆದವರದ್ದೇ ತಪ್ಪು, ಅದನ್ನು ಸರಿಪಡಿಸುವ ಹೊಣೆ ವಿಮರ್ಶಕನದ್ದಲ್ಲ. ಅಂಕಗಳ ಈ ಹೊರೆ ಬೇಡವೆಂದು ಬ್ರಿಟನ್ನಿನ ಯೂರೋಗೇಮರ್ ತಾಣ 2015ರಲ್ಲಿ ಅಂಕ ಕೊಡುವುದನ್ನೇ ನಿಲ್ಲಿಸಿತು. 2023ರಲ್ಲಿ ನಕ್ಷತ್ರಗಳ ರೂಪದಲ್ಲಿ ಮತ್ತೆ ತಂದಿತು.

ಇದೆಲ್ಲ ಜಾಲತಾಣಗಳ ಕಾಲದ ಮಾತು. ಒಂದು ಪತ್ರಿಕಾ ಸಂಸ್ಥೆಯಲ್ಲಿ ಜಾಹೀರಾತು ಮಾರುವವರು ಬೇರೆ, ಬರೆಯುವವರು ಬೇರೆ. ನಡುವೆ ಗೋಡೆ ಇರಬೇಕು ಎಂಬುದು ನಿಯಮ. ಗೇಮ್‌ಸ್ಪಾಟ್‌ನಲ್ಲಿ ಆ ಗೋಡೆ ಬಿರುಕು ಬಿಟ್ಟಿತು, ಆದರೆ ಗೋಡೆ ಅಂತ ಒಂದಾದರೂ ಇತ್ತು. ಯೂಟ್ಯೂಬ್ ಬಂದ ಮೇಲೆ? ಆಡುವವನು, ಮಾತಾಡುವವನು, ಎಡಿಟ್ ಮಾಡುವವನು, ಸ್ಪಾನ್ಸರ್ ಜೊತೆ ಬೆಲೆ ಕುದುರಿಸುವವನು ಎಲ್ಲ ಒಬ್ಬನೇ. ಒಬ್ಬ ಮನುಷ್ಯನ ತಲೆಯೊಳಗೆ ಗೋಡೆ ಕಟ್ಟೋದು ಹೇಗೆ?

2014ರಲ್ಲಿ ವಾರ್ನರ್ ಬ್ರದರ್ಸ್ 'ಮಿಡಲ್ ಅರ್ತ್: ಶಾಡೋ ಆಫ್ ಮಾರ್ಡಾರ್' ಆಟ ಬಿಡುಗಡೆ ಮಾಡಿತು. ಪ್ರಚಾರಕ್ಕೆ ಯೂಟ್ಯೂಬರ್‌ಗಳನ್ನು ಹಿಡಿಯಿತು. ಕೆಲವರಿಗೆ ನೂರಾರು ಡಾಲರ್, ಕೆಲವರಿಗೆ ಹತ್ತಾರು ಸಾವಿರ ಡಾಲರ್, ಜೊತೆಗೆ ಬಿಡುಗಡೆಗೂ ಮೊದಲೇ ಆಟ. ಅವರಲ್ಲಿ ಪ್ಯೂಡಿಪೈ ಕೂಡ ಒಬ್ಬರು, ಆಗ ಯೂಟ್ಯೂಬ್‌ನ ಅತಿ ದೊಡ್ಡ ಹೆಸರು. ಕರಾರಿನಲ್ಲಿ ಏನಿತ್ತು? ವಿಡಿಯೋದಲ್ಲಿ ಆಟದ ಬಗ್ಗೆ ಒಳ್ಳೆಯದನ್ನೇ ಹೇಳಬೇಕು. ದೋಷಗಳನ್ನು ತೋರಿಸಬಾರದು. ನೋಡುಗರಿಗೆ ಲಿಂಕ್ ಒತ್ತಿ ಎಂದು ಜೋರಾಗಿ ಹೇಳಬೇಕು. ಪ್ರಕಟಿಸುವ ಮೊದಲು ವಿಡಿಯೋವನ್ನು ಕಂಪನಿ ಕಡೆಯವರು ನೋಡಿ ಒಪ್ಪಬೇಕು. ದುಡ್ಡು ಪಡೆದಿದ್ದೇವೆ ಎಂಬ ಸೂಚನೆಯನ್ನು ವಿಡಿಯೋದ ಕೆಳಗಿನ ವಿವರಣೆಯಲ್ಲಿ ಹಾಕಿ ಎಂದು ಹೇಳಲಾಗಿತ್ತು. 'ಇನ್ನಷ್ಟು ತೋರಿಸು' ಎಂದು ಒತ್ತಿದರೆ ಮಾತ್ರ ಅದು ಕಾಣುತ್ತಿತ್ತು. ಮೊಬೈಲ್‌ನಲ್ಲಿ ನೋಡುವ ಎಷ್ಟು ಜನ ಅದನ್ನು ಒತ್ತುತ್ತಾರೆ?

ಈ ಷರತ್ತುಗಳನ್ನು ಹೊರಗೆ ತಂದವರಲ್ಲಿ ಬ್ರಿಟನ್ನಿನ ಜಾನ್ ಬೇನ್ ಮುಖ್ಯರು. 'ಟೋಟಲ್‌ಬಿಸ್ಕಿಟ್' ಹೆಸರಲ್ಲಿ ವಿಡಿಯೋ ಮಾಡುತ್ತಿದ್ದವರು. ಅಂದರೆ ಯೂಟ್ಯೂಬರ್‌ಗಳ ನಡುವಿನಿಂದಲೇ ಪ್ರತಿರೋಧ ಬಂತು. ಇದನ್ನು ನೆನಪಿಡಬೇಕು, ಯೂಟ್ಯೂಬರ್ ಅಂದರೆ ಮಾರಿಕೊಂಡವನು ಎಂದು ಸಾರಾಸಗಟಾಗಿ ಬೈಯುವುದು ಅನ್ಯಾಯ. ಕೊನೆಗೆ 2016ರ ಜುಲೈನಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಆಯೋಗ ಫೆಡರಲ್ ಟ್ರೇಡ್ ಕಮಿಷನ್, ದುಡ್ಡು ಕೊಟ್ಟದ್ದು ನೋಡುಗರಿಗೆ ಸರಿಯಾಗಿ ತಿಳಿಯದಂತೆ ಮಾಡಿದ ವಾರ್ನರ್ ಮೇಲಿನ ಆರೋಪವನ್ನು ಒಪ್ಪಂದದ ಮೂಲಕ ಮುಗಿಸಿತು. ಆ ಹೊತ್ತಿಗೆ ಆ ವಿಡಿಯೋಗಳನ್ನು 55 ಲಕ್ಷಕ್ಕೂ ಹೆಚ್ಚು ಸಲ ನೋಡಲಾಗಿತ್ತು. ಅದರಲ್ಲಿ 37 ಲಕ್ಷ ಪ್ಯೂಡಿಪೈ ವಿಡಿಯೋ ಒಂದಕ್ಕೇ. ಇದಕ್ಕೂ ಹಿಂದಿನ ವರ್ಷ ಎಕ್ಸ್‌ಬಾಕ್ಸ್ ಒನ್ ಪ್ರಚಾರದ ವಿಷಯದಲ್ಲಿ ಮಷಿನಿಮಾ ಎಂಬ ವಿಡಿಯೋ ಜಾಲದ ಮೇಲೆ ಇದೇ ಆಯೋಗ ಕ್ರಮ ತೆಗೆದುಕೊಂಡಿತ್ತು. ಅಲ್ಲಿ ಇಬ್ಬರಿಗೆ 15,000 ಮತ್ತು 30,000 ಡಾಲರ್ ಸಂದಿತ್ತು, ನೋಡುಗರಿಗೆ ಅದು ತಿಳಿದಿರಲಿಲ್ಲ.

ವಾರ್ನರ್ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ಆ ಆಟ ನಿಜಕ್ಕೂ ಚೆನ್ನಾಗಿತ್ತು. ಆಟ ಕಟ್ಟುವವರೇ ಮತ ಹಾಕಿ ಕೊಡುವ ಗೇಮ್ ಡೆವಲಪರ್ಸ್ ಚಾಯ್ಸ್ ಪ್ರಶಸ್ತಿಗಳಲ್ಲಿ ಅದೇ 'ವರ್ಷದ ಆಟ' ಅನ್ನಿಸಿಕೊಂಡಿತು. ಹಾಗಾದರೆ ಹೊಗಳಿಸಿದ್ದರಲ್ಲಿ ತಪ್ಪೇನು ಎಂದು ಕೆಲವರು ವಾದಿಸುತ್ತಾರೆ. ತಪ್ಪಿದೆ. ವಿಮರ್ಶೆಯ ಬೆಲೆ ಇರುವುದು 'ಚೆನ್ನಾಗಿಲ್ಲ' ಎಂದು ಹೇಳುವ ಸ್ವಾತಂತ್ರ್ಯದಲ್ಲಿ. ಆ ಸ್ವಾತಂತ್ರ್ಯವನ್ನು ಮೊದಲೇ ಬರೆದುಕೊಟ್ಟ ಮೇಲೆ 'ಚೆನ್ನಾಗಿದೆ' ಎಂಬ ಮಾತಿಗೂ ತೂಕ ಇರುವುದಿಲ್ಲ. ಆಟ ಕಟ್ಟಿದವರಿಗೆ ನ್ಯಾಯವಾಗಿ ಸಿಗಬೇಕಿದ್ದ ಹೊಗಳಿಕೆಯನ್ನೂ ಈ ಕರಾರು ಹಾಳುಮಾಡಿತು.

ನಮ್ಮ ದೇಶದಲ್ಲಿ ಹೇಗೆ? ಇಲ್ಲಿ ಬಹಳ ಜನ ಆಡುವುದು ಮೊಬೈಲ್‌ನಲ್ಲಿ, ಅದೂ ಉಚಿತ ಆಟ. ಕೊಳ್ಳುವ ಮೊದಲು ರಿವ್ಯೂ ಓದುವ ಅಭ್ಯಾಸಕ್ಕಿಂತ ಲೈವ್ ಸ್ಟ್ರೀಮ್ ನೋಡಿ ಡೌನ್‌ಲೋಡ್ ಮಾಡುವುದೇ ಜಾಸ್ತಿ. ಕನ್ನಡದಲ್ಲಿ ಮಾತಾಡುತ್ತಾ ಆಡುವವರ ಚಾನೆಲ್‌ಗಳೂ ಬೆಳೆದಿವೆ. ಆಟ ಉಚಿತ ಅಂದ ಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ, ಒಳಗೆ ಹೋದ ಮೇಲೆ ಬಟ್ಟೆ, ಬಂದೂಕು, ಪಾಸ್ ಎಂದು ದುಡ್ಡು ಹೋಗುತ್ತದೆ. ಹಾಗಾಗಿ ಸ್ಟ್ರೀಮ್ ಮಾಡುವವನ ಮಾತೇ ಇಲ್ಲಿ ರಿವ್ಯೂ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇಂಥವರಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ದುಡ್ಡು ಮಾತ್ರವಲ್ಲ, ಉಚಿತ ವಸ್ತು, ಪ್ರವಾಸ, ಹೋಟೆಲ್ ವಾಸ್ತವ್ಯ ಪಡೆದರೂ ಹೇಳಬೇಕು. ವಿಡಿಯೋ ಆದರೆ ಬಾಯಲ್ಲೂ ಹೇಳಬೇಕು, ಪರದೆ ಮೇಲೂ ತೋರಿಸಬೇಕು. ಲೈವ್ ಆದರೆ ಉದ್ದಕ್ಕೂ ಕಾಣುತ್ತಿರಬೇಕು. ಹತ್ತು ಹ್ಯಾಶ್‌ಟ್ಯಾಗ್‌ಗಳ ನಡುವೆ ಬಚ್ಚಿಡುವ ಹಾಗಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ತನಕ, ಮತ್ತೆ ಮಾಡಿದರೆ 50 ಲಕ್ಷದ ತನಕ ದಂಡಕ್ಕೆ ಅವಕಾಶವಿದೆ. ಗೆಲ್ಲುವ ಆಸೆಗೆ ದುಡ್ಡು ಪಣಕ್ಕಿಟ್ಟು ಆಡುವ ಆಟಗಳ ಜಾಹೀರಾತನ್ನಂತೂ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನೇರವಾಗಿ ನಿಷೇಧಿಸಿದೆ.

ಬಹಿರಂಗಪಡಿಸುವುದು ಬೇಕೇ ಬೇಕು. ಆದರೆ ಅದರಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. 'ಈ ವಿಡಿಯೋಗೆ ಸ್ಪಾನ್ಸರ್ ಇದ್ದಾರೆ' ಎಂಬ ಸಾಲು ದುಡ್ಡಿನ ಸುದ್ದಿ ಕೊಡುತ್ತದೆ, ಷರತ್ತಿನ ಸುದ್ದಿ ಕೊಡುವುದಿಲ್ಲ. ಟೀಕೆ ಮಾಡಬಾರದು ಎಂದು ಬರೆದುಕೊಟ್ಟಿದ್ದಾರಾ? ಪ್ರಕಟಿಸುವ ಮೊದಲು ಕಂಪನಿಗೆ ತೋರಿಸಿದ್ದಾರಾ? ನಮಗೆ ಗೊತ್ತಾಗಬೇಕಾದ್ದು ಅದು. ರಿವ್ಯೂ ಓದುವಾಗ ಅಂಕ ನೋಡುವ ಮೊದಲು ನಾನು ಹುಡುಕುವುದು ಕೆಲವು ಸಣ್ಣ ವಿವರ. ಆಟವನ್ನು ಕಂಪನಿ ಕೊಟ್ಟಿತೋ ಇವರೇ ಕೊಂಡರೋ. ಯಾವ ಯಂತ್ರದಲ್ಲಿ ಆಡಿದರು, ಅದು ನನ್ನ ಹತ್ತಿರ ಇರುವುದೇನಾ. ಪೂರ್ತಿ ಆಡಿದರಾ. ತೋರಿಸುತ್ತಿರುವ ದೃಶ್ಯ ಅವರು ಆಡಿದ್ದಾ, ಕಂಪನಿ ಕೊಟ್ಟದ್ದಾ. ಬಿಡುಗಡೆಯ ದಿನದವರೆಗೂ ಒಂದೇ ಒಂದು ರಿವ್ಯೂ ಬಂದಿಲ್ಲ ಎಂದರೆ ಅದೂ ಒಂದು ಮಾಹಿತಿಯೇ, ಎರಡು ದಿನ ಕಾದರೆ ನಷ್ಟವೇನಿಲ್ಲ. ಮುಂಗಡ ಬುಕಿಂಗ್ ಮಾಡಿಸಲು ಇಷ್ಟು ಅವಸರ ಯಾಕೆ ಎಂದು ಆಗ ಅರ್ಥವಾಗುತ್ತದೆ.

ಇನ್ನು ವಿಮರ್ಶಕರ ಕಡೆಯಿಂದ. ಇಲ್ಲಿ ತನಕ ಕೆಲಸ ಮಾಡಿದ ಉಪಾಯ ಒಂದೇ, ದುಡ್ಡಿನ ಮೂಲ ಬದಲಿಸುವುದು. ಜೈಂಟ್ ಬಾಂಬ್ ಚಂದಾದಾರರನ್ನು ಕಟ್ಟಿಕೊಂಡು ಬೆಳೆಯಿತು. ಮಾಲೀಕರು ಬದಲಾದರು, ಸಿಬಿಎಸ್ ಹೋಗಿ ಬೇರೆ ಕಂಪನಿಗಳು ಬಂದವು. 2022ರಲ್ಲಿ ಗರ್ಸ್ಟ್‌ಮನ್ ಅಲ್ಲಿಂದಲೂ ಹೊರಬಂದು ಕೇಳುಗರ ಚಂದಾದಿಂದಲೇ ನಡೆಯುವ ಸ್ವಂತ ಪಾಡ್‌ಕಾಸ್ಟ್ ಶುರುಮಾಡಿದರು. 2025ರ ಮೇ ತಿಂಗಳಲ್ಲಿ ಜೈಂಟ್ ಬಾಂಬ್ ಅನ್ನು ಅಲ್ಲಿ ಕೆಲಸ ಮಾಡುತ್ತಿದ್ದವರೇ ಕೊಂಡು ಸ್ವತಂತ್ರ ಮಾಡಿಕೊಂಡರು. ಈ ದಾರಿಯಲ್ಲೂ ತೊಡಕಿದೆ. ಚಂದಾ ಕೊಡುವ ಅಭಿಮಾನಿಗಳಿಗೂ ತಮ್ಮ ನೆಚ್ಚಿನ ಆಟವನ್ನು ಬೈದರೆ ಕೋಪ ಬರುತ್ತದೆ, ಅವರೂ ದುಡ್ಡು ನಿಲ್ಲಿಸಬಹುದು. ಆದರೆ ಒಂದು ವ್ಯತ್ಯಾಸ ದೊಡ್ಡದು. ಸಾವಿರಾರು ಜನ ಸ್ವಲ್ಪ ಸ್ವಲ್ಪ ಕೊಡುವಾಗ ಅವರಲ್ಲಿ ಯಾರೊಬ್ಬರಿಗೂ ಸಂಪಾದಕನನ್ನು ಕೋಣೆಗೆ ಕರೆಸಿ ಆರು ಅಂಕ ಯಾಕೆ ಕೊಟ್ಟೆ ಎಂದು ಕೇಳುವ ಅಧಿಕಾರ ಇರುವುದಿಲ್ಲ. ಕನ್ನಡದ ಗೇಮಿಂಗ್ ಚಾನೆಲ್‌ಗಳಲ್ಲಿ ಪ್ರಾಮಾಣಿಕವಾಗಿ ಮಾತಾಡುವವರಿಗೆ ಸದಸ್ಯತ್ವದ ರೂಪದಲ್ಲಿ ತಿಂಗಳಿಗೆ ಒಂದಿಷ್ಟು ರೂಪಾಯಿ ಕೊಡುವ ನೋಡುಗರು ಸಿಕ್ಕರೆ, ಸ್ಪಾನ್ಸರ್ ಕರಾರಿನಲ್ಲಿ 'ದೋಷ ತೋರಿಸಬಾರದು' ಎಂಬ ಸಾಲು ಕಂಡಾಗ ಸಹಿ ಹಾಕದೆ ವಾಪಸ್ ಕಳಿಸುವ ಧೈರ್ಯ ಅವರಿಗೆ ಬರುತ್ತದೆ.